ಬಿಳಿ ಗಡ್ಡೆಗೆ ಅರ್ಧ ಲೆಕ್ಕ

ಹೆಪ್ಪುಗಟ್ಟಿದ ಹೆರನ್ ಕೆರೆಯ ಮೇಲೆ ಕಾಲಿಡಬಹುದೋ ಬಾರದೋ ಎಂಬುದನ್ನು ಇಪ್ಪತ್ತಾರು ಚಳಿಗಾಲಗಳಿಂದ ಊರಿಗೆ ಹೇಳುತ್ತಿದ್ದವನು ಎಲ್ಮರ್ ಹೂಟಲಾ. ಆ ಕೆಲಸಕ್ಕೆ ಅವನನ್ನು ಯಾರೂ ನೇಮಿಸಿರಲಿಲ್ಲ. ರಸ್ತೆಯ ಹಿಮ ತಳ್ಳುವ ಲಾರಿ ಓಡಿಸಿ ನಿವೃತ್ತನಾದವನು. ಬೆಳಗಿನ ಕಾಫಿ ಮುಗಿಸಿ ಬೈರಿಗೆಯನ್ನು ಹೆಗಲಿಗೇರಿಸಿ ಹೊರಡುವನು. ದಡದಿಂದ ಮೂವತ್ತು ಹೆಜ್ಜೆಗೊಂದು ತೂತು ಕೊರೆದು, ತುದಿಗೆ ಕೊಕ್ಕೆಯಿರುವ ಅಳತೆಕೋಲನ್ನು ಇಳಿಬಿಟ್ಟು ಮಂಜುಗಡ್ಡೆಯ ದಪ್ಪ ನೋಡುವನು. ಸಿಕ್ಕ ಅಂಕಿಯನ್ನು ಗಾಳದ ಅಂಗಡಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವನು. ನಾಲ್ಕು ಇಂಚು ಎಂದಿದ್ದರೆ ಜನ ಮೀನಿಗೆ ನಡೆಯುತ್ತಿದ್ದರು. ಅವನು ಬರೆದದ್ದನ್ನು ಇನ್ನೊಮ್ಮೆ ಅಳೆದು ನೋಡಿದವರಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವನು ಬಲು ಜಿಗುಟು. ನೀರೇ ಹೆಪ್ಪುಗಟ್ಟಿ ಗಾಜಿನಂತಾದ ಕಪ್ಪು ಗಡ್ಡೆಗೆ ಪೂರ್ತಿ ಲೆಕ್ಕ. ಮೇಲೆ ಬಿದ್ದ ಹಿಮ ನೆನೆದು ಮತ್ತೆ ಗಟ್ಟಿಯಾದ ಬಿಳಿ ಗಡ್ಡೆಗೆ ಅರ್ಧ ಲೆಕ್ಕ. ಹಿಮವಾಹನದ ಹುಚ್ಚಿನ ಹುಡುಗರು ಚೌಕಾಸಿಗೆ ಬಂದರೆ, ಬಿಳಿಯದನ್ನು ನಂಬಿದವನು ಈಜು ಕಲಿತಿರಬೇಕು ಎಂದು ಬಾಯಿ ಮುಚ್ಚಿಸುತ್ತಿದ್ದ.

ಆ ವರ್ಷ ಕ್ರಿಸ್‌ಮಸ್ಸಿಗೆ ಮಳೆ ಬಂತು. ಜನವರಿಯಲ್ಲೂ ಎರಡು ಸಲ ಬಂತು, ಕೆರೆ ಗಟ್ಟಿಯಾಗಲೇ ಇಲ್ಲ. ಜಾರುಪಟ್ಟಿಗಳ ಮೇಲೆ ಎಳೆದೊಯ್ದು ಒಳಗೆ ಕೂತು ಮೀನು ಹಿಡಿಯುವ ಗುಡಿಸಲು ಎಲ್ಮರನ ಅಂಗಳದ ಕೆಸರಿನಲ್ಲಿ ಹೂತು ನಿಂತಿತ್ತು. ಬೇರೆ ವರ್ಷವಾಗಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದ. ಈ ಸಲ ಹಾಗಾಗುವಂತಿರಲಿಲ್ಲ. ಮೂವತ್ತೆಂಟು ವರ್ಷಗಳಿಂದ ಜನವರಿಯ ಕಡೆಯ ಶನಿವಾರ ಅವನೊಡನೆ ಕೆರೆಯ ಮೇಲೆ ಕೂರುತ್ತಿದ್ದ ಅರ್ವಿಡ್ ನಿಸ್ಕನೆನ್, ಫೆಬ್ರವರಿ ಒಂಬತ್ತಕ್ಕೆ ಬಿಸಿಲ ನಾಡು ಅರಿಜೋನಾದ ಮಗಳ ಮನೆಗೆ ಹೋಗುವವನಿದ್ದ. ಮರಳಿ ಬರುವ ಮಾತಿರಲಿಲ್ಲ. ಅರ್ವಿಡನಿಗೆ ಎರಡೂ ಕಣ್ಣುಗಳಲ್ಲಿ ನಟ್ಟನಡುವಿನ ನೋಟ ಹೋಗಿತ್ತು. ಎದುರಿಗಿದ್ದವರ ಮುಖ ಕಾಣದು, ಅಂಚಿನಲ್ಲಿ ಕಿವಿಯೋ ಟೋಪಿಯೋ ಕಾಣುವುದು.

“ಅರಿಜೋನಾದಲ್ಲಿ ಗಡ್ಡೆ ಅಂದ್ರೆ ಲೋಟದೊಳಗೆ ಇರೋದಂತೆ ಕಣೋ. ಅದನ್ನ ಅಳೆಯೋಕೆ ನಿನ್ನನ್ನೇ ಕರೆಸ್ಕೋತೀನಿ,” ಎಂದು ಅರ್ವಿಡ್ ಫೋನಿನಲ್ಲಿ ನಗಾಡಿದ್ದ. ಎಲ್ಮರ್ ನಗಲಿಲ್ಲ.

ಅವನು ದಿನವನ್ನು ಒಂದು ವಾರ ಮುಂದೂಡಿದ. ಯೋಜನೆಯನ್ನೂ ದಿನದಿನಕ್ಕೆ ಸಣ್ಣದು ಮಾಡುತ್ತ ಬಂದ. ಮೊದಲು ಗುಡಿಸಲು ಬೇಡವೆಂದ, ಆಮೇಲೆ ಹಿಮವಾಹನ ಬೇಡವೆಂದ. ಕೆರೆಯ ನಡುವಿನ ಆಳವನ್ನೂ ಬಿಟ್ಟು ಜೊಂಡಿನ ಪಕ್ಕದಲ್ಲೇ ಪರ್ಚ್ ಮೀನಿಗೆ ಕೂರುವುದೆಂದಾಯಿತು. ಬಕೆಟ್ ಮಗುಚಿ ಹಾಕಿಕೊಂಡು ಎರಡು ಗಂಟೆ ಕೂತರೆ ಸಾಕು. ಸೊಂಟಕ್ಕೆ ಹಗ್ಗ, ನೀರಿಗೆ ಬಿದ್ದರೆ ಗಡ್ಡೆಗೆ ಚುಚ್ಚಿ ಮೇಲೇರಲು ಕೊರಳಿಗೆ ಮೊಳೆಹಿಡಿಕೆ, ಫ್ಲಾಸ್ಕಿನಲ್ಲಿ ಕಾಫಿ. ಅವನ ಹೆಂಡತಿ ಲಿಲಿಯನ್ ಮಾಂಸ, ಆಲೂಗೆಡ್ಡೆ ತುಂಬಿದ ಪಾಸ್ಟಿ ಬೇಯಿಸಿಕೊಟ್ಟಳು. ಇಬ್ಬರೂ ಮುದುಕರು, ಯಾರು ಬಿದ್ದರೆ ಯಾರು ಹಗ್ಗ ಎಳೆಯುತ್ತೀರಿ ಎಂದು ಕೇಳಿದಳು.

ಕೊನೆಗೆ ನಾಲ್ಕು ದಿನ ಚಳಿ ಬಿತ್ತು. ಶುಕ್ರವಾರ ಎಲ್ಮರ್ ಜೊಂಡಿನ ಬಳಿ ಮೂರು ತೂತು ಕೊರೆದ. ಕೊಕ್ಕೆ ಐದು ಇಂಚಿಗೆ ನಿಂತಿತು. ಮಂಡಿಯೂರಿ ತೂತಿನ ಗೋಡೆ ನೋಡಿದ: ಮೇಲಿನ ಮೂರೂವರೆ ಇಂಚು ಹಾಲಿನಂತೆ ಬಿಳಿ, ಕೆಳಗೆ ಒಂದೂವರೆ ಕಪ್ಪು. ಅವನ ಲೆಕ್ಕದಲ್ಲಿ ಅದು ಮೂರೂಕಾಲು, ನಾಲ್ಕಕ್ಕೆ ಮುಕ್ಕಾಲು ಕಡಿಮೆ. ಮನೆಗೆ ಬಂದು ಅರ್ವಿಡನಿಗೆ ಫೋನು ಮಾಡಿ, ಐದು ಇಂಚು ಸಿಕ್ಕಿದೆ, ಬೆಳಿಗ್ಗೆ ಎಂಟಕ್ಕೆ ಬರುತ್ತೇನೆ ಎಂದ. ಸುಳ್ಳೇನಲ್ಲ, ಕೋಲು ಐದನ್ನೇ ತೋರಿಸಿತ್ತು. ಗಾಳದ ಅಂಗಡಿಯ ಕಡೆಗೆ ಮಾತ್ರ ಅಂದು ಹೋಗಲಿಲ್ಲ.

ಶನಿವಾರ ಬೆಳಿಗ್ಗೆ ಮೋಡ ಕವಿದಿತ್ತು. ದಡದಲ್ಲಿ ಅರ್ವಿಡ್ ಹಳೆಯ ಕಂದು ಕೋಟಿನಲ್ಲಿ ನಿಂತು, ಗಾಳಿ ಮೂಸಿ, ಬೆಚ್ಚಗಿದೆಯಲ್ಲೋ ಎಂದ. ಎಲ್ಮರ್ ಅವನ ಸೊಂಟಕ್ಕೆ ಹಗ್ಗ ಬಿಗಿಯತೊಡಗಿದ. ಅರ್ವಿಡ್ ಕೈಚಾಚಿ, ಬಡಿದು ನೋಡುವ ಕಬ್ಬಿಣದ ಸಲಾಕೆ ಕೇಳಿದ. ನಾನಿದ್ದೇನಲ್ಲ, ನಿನಗ್ಯಾಕೆ ಅದು ಎಂದ ಎಲ್ಮರ್. ಕಡೆಯ ಸಲ, ನಾನೂ ಒಂದೇಟು ಹಾಕಬಾರದೇ ಎಂದು ಅರ್ವಿಡ್ ನಕ್ಕ.

ಸಲಾಕೆ ಎತ್ತಿ ಬಡಿದ. ಕಪ್ಪು ಗಡ್ಡೆಯಾಗಿದ್ದರೆ ಏಟು ಠಣ್ ಎಂದು ದಡದುದ್ದಕ್ಕೂ ಓಡುತ್ತದೆ. ಇದು ಒದ್ದೆ ಚೀಲಕ್ಕೆ ಗುದ್ದಿದಂತೆ ದೊಪ್ಪೆಂದಿತು. ಅರ್ವಿಡ್ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೊಮ್ಮೆ ಬಡಿದ. ಅದೇ ಸದ್ದು.

“ಎಷ್ಟು ಬಿಳಿ?”

ಎಲ್ಮರ್ ಮತ್ತೆ ಅವನ ಸೊಂಟದ ಗಂಟಿಗೆ ಕೈ ಹಾಕಿದ.

“ಹಲಗೆ ಮೇಲೆ ಏನು ಬರೆದೆ, ಎಲ್ಮರ್?”

“ಬರೀಲಿಲ್ಲ.”

ಅರ್ವಿಡ್ ಸಲಾಕೆಯನ್ನು ನಿಧಾನವಾಗಿ ಕೆಳಗಿಟ್ಟ. “ಅಂದ್ರೆ ಊರಿಗೆ ಹೇಳೋಕಾಗದ ಐದು ಇಂಚು. ಕುರುಡನಿಗೆ ಸಾಕು ಅಂತ.”

ಎಲ್ಮರನ ಬಾಯಲ್ಲಿ ಒಟ್ಟೊಟ್ಟಿಗೆ ಏನೇನೋ ಬಂದವು. ಜೊಂಡಿನ ಬಳಿ ನೀರು ಎದೆಮಟ್ಟಕ್ಕೂ ಇಲ್ಲ, ತಾನೇ ಮುಂದೆ ನಡೆಯುವವನಿದ್ದ, ಒಂಬತ್ತನೇ ತಾರೀಖಿನೊಳಗೆ ಇನ್ನೊಂದು ಚಳಿ ಬರುವಂತಿಲ್ಲ. ಎಲ್ಲವೂ ನಿಜವೇ. ಅರ್ವಿಡ್ ಕೊನೆಯವರೆಗೂ ಕೇಳಿದ. ಆಮೇಲೆ ಬೆರಳುಗಳಿಂದ ತಡವಿ ಸೊಂಟದ ಗಂಟನ್ನು ತಾನೇ ಬಿಚ್ಚಿದ.

“ನಾಲ್ಕಿಲ್ಲ ಕಣೋ, ಬರ್ತೀಯಾ ಅಂತ ಕೇಳಿದ್ರೆ ಬರ್ತಿದ್ದೆ,” ಎಂದ. “ಮುಳುಗಿದ್ರೂ ಬರ್ತಿದ್ದೆ. ನೀನು ಕೇಳಲೇ ಇಲ್ವಲ್ಲ.”

ಈಗ ಕೇಳುತ್ತಿದ್ದೇನೆ ಎಂದ ಎಲ್ಮರ್. ಅರ್ವಿಡ್ ಮುಖವನ್ನು ಓರೆ ಮಾಡಿ, ಕಣ್ಣಂಚಿನಿಂದ ಎಲ್ಮರನ ಟ್ರಕ್ಕನ್ನು ಹುಡುಕಿ ಅದರತ್ತ ನಡೆದ.

ಹನ್ನೊಂದು ಮೈಲಿಯ ದಾರಿಯುದ್ದಕ್ಕೂ ಇಬ್ಬರ ನಡುವೆ ಇಟ್ಟಿದ್ದ ಪಾಸ್ಟಿಯ ಬಿಸಿ ಆರುತ್ತ ಹೋಯಿತು. ಅರ್ವಿಡನ ಮನೆ ಬಂದಾಗ ಎಲ್ಮರ್ ಬೇಗ ಇಳಿದು ಈಚೆಗೆ ಬಂದ. ಬಾಗಿಲ ಮುಂದೆ ಮೂರು ಮರದ ಮೆಟ್ಟಿಲುಗಳು. ಸೂರಿನಿಂದ ನೀರು ಸೋರಿ ಅವುಗಳ ಮೇಲೆ ಹೆಪ್ಪುಗಟ್ಟುವುದುಂಟು. ಎಲ್ಮರ್ ಬಗ್ಗಿ ಅಂಗೈಯಿಂದ ಒಂದೊಂದನ್ನೂ ಸವರಿದ.

“ಒಣಗಿದೆ. ಧೈರ್ಯವಾಗಿ ಹತ್ತು,” ಎಂದ.

ಅರ್ವಿಡ್ ಮೆಟ್ಟಿಲ ಪಕ್ಕದ ಕಂಬ ಹಿಡಿದು ನಿಂತ. ಬೂಟಿನ ತುದಿಯನ್ನು ಮೊದಲ ಮೆಟ್ಟಿಲ ಮೇಲೆ ಚಾಚಿ, ಆಚೀಚೆ ಕೆರೆದು ನೋಡಿದ. ಆಮೇಲೆ ಭಾರ ಬಿಟ್ಟ. ಎರಡನೆಯದನ್ನೂ ಹಾಗೆಯೇ ಕೆರೆದು ನೋಡಿದ, ಮೂರನೆಯದನ್ನೂ.