ಕೇಳಿದರೆ ಮಾತ್ರ ಔಟ್

ನನ್ನ ಅಕ್ಕನ ಗಂಡ ರಘುರಾಮ ಭಾವ ಯಾರೂ ಕೇಳದೆ ಒಂದು ಮಾತೂ ಆಡುವವರಲ್ಲ. ಸಾರಿಗೆ ಉಪ್ಪು ಬೀಳದಿದ್ದರೂ ಸುಮ್ಮನೆ ಉಣ್ಣುತ್ತಾರೆ. ಮಜ್ಜಿಗೆ ಅನ್ನವೂ ಮುಗಿದ ಮೇಲೆ ಪ್ರಫುಲ್ಲಕ್ಕ "ಸಾರ್ ಹ್ಯಾಂಗಾಯ್ತ್?" ಎಂದು ಕೇಳಿದರೆ "ಉಪ್ಪಿಲ್ಲ" ಎನ್ನುತ್ತಾರೆ. ಇಂಥ ಮನುಷ್ಯನನ್ನು ಇಂಗ್ಲಿಷರ ನಾಡಿನ ಈ ಕ್ರೋಯ್ಡನ್ನಿನಲ್ಲಿ ಬೇಸ್‌ಬಾಲ್ ಅಂಪೈರ್ ಮಾಡಿದವರ ತಲೆ ನೆಟ್ಟಗಿರಲಿಲ್ಲವೆಂದೇ ನನ್ನ ಖಚಿತ ಅಭಿಪ್ರಾಯ. ಮಾಡಿದವಳು ಅವರ ಮಗಳು ಶೀತಲ್.

ಭಾವ ಕುಂದಾಪುರದವರು. ಊರಲ್ಲಿದ್ದಾಗ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟುಗಳಲ್ಲಿ ಅಂಪೈರ್ ಆಗಿ ಹೆಸರು ಮಾಡಿದ್ದರು. ಇಲ್ಲಿ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುತ್ತಾರೆ. ಅಲ್ಲಿ ಮ್ಯಾನೇಜರ್ ಹೇಳಿದಂತೆ, ಮನೆಯಲ್ಲಿ ನನ್ನಕ್ಕ ಹೇಳಿದಂತೆ. ಶೀತಲ್ ಬೇಸ್‌ಬಾಲ್ ತಂಡ ಸೇರಿದ ಮೇಲೆ ಭಾನುವಾರ ಬೆಳಗ್ಗೆ ಅವಳ ಬ್ಯಾಗು ಹೊತ್ತುಕೊಂಡು ಪಾರ್ಕಿಗೆ ಹೋಗುವುದು ರೂಢಿಯಾಯಿತು. ಒಂದು ದಿನ ಅಂಪೈರ್ ಕೈಕೊಟ್ಟ. ಶೀತಲ್ ಅಪ್ಪನನ್ನು ಮುಂದಕ್ಕೆ ತಳ್ಳಿದಳು. ಆಮೇಲೆ ಲೀಗಿನವರು ತರಬೇತಿ ಕೊಟ್ಟರು, ಟೋಪಿ ಕೊಟ್ಟರು, ಮುಖಕ್ಕೆ ಜಾಲರಿ, ಎದೆಗೆ ದಪ್ಪ ಕವಚ ಕೊಟ್ಟರು. ಆ ಅವತಾರದಲ್ಲಿ ಅವರನ್ನು ಮೊದಲ ಸಲ ಕಂಡಾಗ, ಅರ್ಧ ವೇಷ ಕಟ್ಟಿದವರು ಯಕ್ಷಗಾನದ ಚೌಕಿಯಿಂದ ಎದ್ದು ಬಂದ ಹಾಗೆ ಕಂಡು ನನಗೆ ನಗು ತಡೆಯಲಾಗಲಿಲ್ಲ.

ತೊಂದರೆ ಶುರುವಾದದ್ದು ಕ್ರಿಕೆಟ್ಟಿನ ಅಭ್ಯಾಸದಿಂದ. ಕ್ರಿಕೆಟ್ಟಿನಲ್ಲಿ ಫೀಲ್ಡಿಂಗ್ ಮಾಡುವವರು ಕೇಳದೆ ಅಂಪೈರ್ ಔಟ್ ಕೊಡುವಂತಿಲ್ಲ. ಬೇಸ್‌ಬಾಲಿನಲ್ಲಿ ಯಾರೂ ಕೇಳಬೇಕಾಗಿಲ್ಲ, ತಾನಾಗಿಯೇ ಕೂಗಬೇಕು. ಸೀಸನ್ನಿನ ಮೊದಲ ಪಂದ್ಯದಲ್ಲೇ ಓಡಿ ಬಂದವನು ಮುಟ್ಟಬೇಕಾದ ಬೇಸಿಗೆ ಅವನಿಗಿಂತ ಮೊದಲು ಚೆಂಡು ಬಂತು, ಅಂದರೆ ಔಟ್. ಎಲ್ಲರೂ ಭಾವನ ಕಡೆ ತಿರುಗಿದರು. ಭಾವ ಕೈಕಟ್ಟಿ ನಿಂತೇ ಇದ್ದರು. ಓಡಿದವನೂ ನಿಂತ, ಚೆಂಡು ಹಿಡಿದವನೂ ನಿಂತ, ಬಸ್ ಸ್ಟಾಪಿನಲ್ಲಿ ನಿಂತವರ ಹಾಗೆ. ಕೊನೆಗೆ ಜಗಳವಾಗಿ ಆಟವೇ ನಿಂತಿತು.

"ಔಟ್ ಅಂದೇಳಿ ಗೊತ್ತಿತ್ತಲ್ದಾ ಭಾವ? ಎಂತಕೆ ಹೇಳ್ಲಿಲ್ಲ?" ಎಂದು ರೇಗಿದೆ.

"ಯಾರೂ ಕೇಣ್ಲಿಲ್ಲ ಅಲ್ದಾ ಜಗನ್ನಾಥ," ಎಂದರು.

ದೂರು ಹೋಯಿತು. ಇನ್ನೊಂದು ದೂರು ಬಂದರೆ ಟೋಪಿ ವಾಪಸ್ ಕೊಡಬೇಕಾಗುತ್ತದೆ ಎಂದು ಲೀಗಿನ ಕಾರ್ಯದರ್ಶಿ ಎಚ್ಚರಿಕೆ ಕೊಟ್ಟರು. ಭಾವ ಆ ವಾರವೆಲ್ಲ ಸರಿಯಾಗಿ ಉಣ್ಣಲಿಲ್ಲ. "ಇದೊಂದ್ ಬಿಟ್ರೆ ನಂಗೆ ಬೇರೆ ಎಂತ ಇತ್ತ್ ಹೇಳ್," ಎಂದು ನನ್ನ ಬಳಿ ಒಮ್ಮೆ ಅಂದರು. ಪಾಪ ಅನ್ನಿಸಿತು. ಅವರ ಬಾಯಿಂದ ಬರುವ ಒಂದು ಮಾತಿಗಾಗಿ ಇಷ್ಟು ಜನ ಕಾಯುವ ಜಾಗ ಭೂಮಿಯ ಮೇಲೆ ಅದೊಂದೇ ಇತ್ತು.

ಅಲ್ಲಿಂದ ಭಾವ ಪ್ರತಿ ಚೆಂಡಿಗೂ ಗಂಟಲು ಹರಿಯುವಂತೆ ಕೂಗತೊಡಗಿದರು. ಎಲ್ಲ ಸರಿಹೋಯಿತು ಅಂದುಕೊಂಡೆವು. ಆಗ ಬಂತು ಕೊನೆಯ ಪಂದ್ಯ. ಬೇರೆ ಅಂಪೈರ್ ಸಿಗಲಿಲ್ಲ. ಆಡುವವಳು ಮಗಳೇ ಆದರೂ ಅಡ್ಡಿಯಿಲ್ಲ ಎಂದು ಎರಡೂ ತಂಡದವರು ಒಪ್ಪಿದರು. ಎದುರು ತಂಡದ ಕ್ಯಾಪ್ಟನ್ ಟ್ರೆವರ್ ಹುಟ್ಟಿದ್ದು ಕ್ರೋಯ್ಡನ್ನಿನಲ್ಲಿ, ಅವನ ಅಜ್ಜ ಕ್ರಿಕೆಟ್ಟೇ ಉಸಿರಾದ ಬಾರ್ಬಡೋಸಿನವರು. ಕ್ರಿಕೆಟ್ಟಿನಲ್ಲಿ ವಿಕೆಟ್‌ಕೀಪರ್ ನಿಲ್ಲುವ ಜಾಗದಲ್ಲಿ ಅವನು ನಿಲ್ಲುತ್ತಿದ್ದ.

ಕೊನೆಯ ಸರದಿಯಲ್ಲಿ ಸ್ಕೋರು ಸಮ. ನಮ್ಮವರದ್ದು ಬ್ಯಾಟಿಂಗ್, ಇನ್ನೊಬ್ಬರು ಔಟಾದರೆ ಸರದಿ ಮುಗಿಯಿತು. ಶೀತಲ್ ಅರ್ಧ ದಾರಿಯಲ್ಲಿ, ಎರಡನೆಯ ಬೇಸಿನಲ್ಲಿ ನಿಂತಿದ್ದಳು. ನಮ್ಮ ಹುಡುಗನೊಬ್ಬ ಚೆಂಡನ್ನು ಬಲವಾಗಿ ಹೊಡೆದ. ಶೀತಲ್ ಬಿಟ್ಟ ಬಾಣದಂತೆ ಓಡಿ ಬಂದಳು. ಹೋಮ್ ಪ್ಲೇಟ್ ಎಂಬ ಬಿಳಿ ರಬ್ಬರ್ ಹಲಗೆಯನ್ನು ಅವಳು ಮುಟ್ಟಿದರೆ ನಮಗೆ ಗೆಲುವು. ಟ್ರೆವರ್ ಚೆಂಡು ಹಿಡಿದು ಅವಳ ಮೈಗೆ ತಾಗಿಸಲು ಅಡ್ಡ ಬಿದ್ದ. ಅವಳು ಅವನನ್ನು ಹಾರಿ ದಾಟಿಬಿಟ್ಟಳು. ಚೆಂಡು ತಾಗಲಿಲ್ಲ. ಧೂಳೆದ್ದಿತು. ನಾವೆಲ್ಲ ಕುಣಿದೆವು.

ಭಾವ ಮಾತ್ರ ಬಾಯಿ ಬಿಡಲಿಲ್ಲ. ಕೈಯೂ ಎತ್ತಲಿಲ್ಲ. ಜಾಲರಿಯೊಳಗೆ ಮುಖ ಕಲ್ಲಾಗಿತ್ತು.

ಅಯ್ಯೋ ದೇವರೇ, ಮತ್ತೆ ಅದೇ ಚಾಳಿ ಎಂದು ನನಗೆ ಮೈಯೆಲ್ಲ ಉರಿಯಿತು. ಆಮೇಲೆ ನನಗೆ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಹಾರುವಾಗ ಶೀತಲಳ ಕಾಲು ಹಲಗೆಗೆ ತಾಗಿರಲೇ ಇಲ್ಲ. ಇಡೀ ಬೇಸ್‌ಬಾಲಿನಲ್ಲಿ ಅಂಪೈರ್ ಬಾಯಿ ಮುಚ್ಚಿಕೊಂಡೇ ಇರಬೇಕಾದ ಅಪರೂಪದ ಸಂದರ್ಭ ಅದು. ಓಡಿದವಳಿಗೆ ನೆನಪಾದರೆ ಹಿಂದೆ ಬಂದು ಮುಟ್ಟಬಹುದು. ಎದುರಾಳಿಗಳಿಗೆ ಅನುಮಾನ ಬಂದರೆ ಚೆಂಡು ಹಿಡಿದು ಹಲಗೆ ತುಳಿದು ಕೇಳಬಹುದು. ಯಾರು ಮೊದಲು ಎಚ್ಚೆತ್ತರೆ ಅವರದ್ದು. ಅಂಪೈರ್ ಕಣ್ಸನ್ನೆಯನ್ನೂ ಮಾಡುವಂತಿಲ್ಲ.

ಶೀತಲಳಿಗೆ ಗೊತ್ತಾಗಿತ್ತು. ಅವಳು ಆಗಲೇ ಹಿಂದಕ್ಕೆ ತಿರುಗಿದ್ದಳು. ಅಷ್ಟರಲ್ಲಿ ನಮ್ಮ ತಂಡದ ಇಬ್ಬರು ಧಡಿಯರು ಓಡಿ ಬಂದು ಅವಳನ್ನು ಹೆಗಲಿಗೇರಿಸಿಬಿಟ್ಟರು. "ಪುಟ್ ಮಿ ಡೌನ್! ಪುಟ್ ಮಿ ಡೌನ್!" ಎಂದು ಕಿರುಚಿದಳು. ನಾಚಿಕೆಗೆ ಹೀಗೆ ಮಾಡುತ್ತಾಳೆಂದು ಅವರು ಇನ್ನಷ್ಟು ಮೇಲೆತ್ತಿ ಕುಣಿಸಿದರು. ಅವಳು ಒಬ್ಬನ ತಲೆಗೆ ಕುಟ್ಟಿದಳು. ಅವನು ಸಂತೋಷದಿಂದ ನಕ್ಕ.

"ಭಾವ, ಬಾಯ್ ಬಿಡಿ ಮಾರ್ರೆ! ಸೇಫ್ ಅನ್ನಿ!" ಎಂದು ನಾನು ಅರಚಿದೆ.



ಮಡಚುವ ಕುರ್ಚಿಯಲ್ಲಿ ಚಿತ್ರಾನ್ನದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಪ್ರಫುಲ್ಲಕ್ಕನಿಗೆ ಗಂಡನ ಟೋಪಿ ಹೋಗುತ್ತದೆ ಎಂಬ ಗಾಬರಿ ಹತ್ತಿತು. ಡಬ್ಬಿ ಬದಿಗಿಟ್ಟು ಎದ್ದು, ಹತ್ತಿರದಲ್ಲಿದ್ದ ಟ್ರೆವರ್‌ಗೆ ತನ್ನ ಇಂಗ್ಲಿಷಿನಲ್ಲಿ ಬುದ್ಧಿ ಹೇಳಿದಳು: "ಆಸ್ಕ್ ಹಿಮ್! ವಿದೌಟ್ ಆಸ್ಕಿಂಗ್ ಹಿ ವಿಲ್ ನಾಟ್ ಟೆಲ್! ಅಟ್ ಹೋಮ್ ಆಲ್ಸೋ ಸೇಮ್!"

ಸೋತ ಬೇಜಾರಿನಲ್ಲಿ ಚೆಂಡು ಹಿಡಿದು ಕೂತಿದ್ದ ಟ್ರೆವರ್ ತಲೆಯೆತ್ತಿದ. ಭಾವನ ಮುಖ ನೋಡಿದ. ಹೆಗಲ ಮೇಲೆ ಒದ್ದಾಡುತ್ತಿದ್ದ ಶೀತಲಳನ್ನು ನೋಡಿದ. ಅಜ್ಜನ ರಕ್ತ ಎಚ್ಚರಾಯಿತೋ ಏನೋ, ಎದ್ದು ನಿಧಾನವಾಗಿ ಹಲಗೆ ತುಳಿದು ಚೆಂಡು ತೋರಿಸಿದ.

"ಅವಳು ಇದನ್ನು ಮುಟ್ಟಲೇ ಇಲ್ಲ, ಅಲ್ವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಆಮೇಲೆ ಬಂತು ಅಪ್ಪಟ ಕ್ರಿಕೆಟ್ಟಿನ ಕೂಗು: "ಹೌ ಈಸ್ ದಟ್?"

ಭಾವನ ಬಲಗೈಯ ತೋರುಬೆರಳು ಆಕಾಶಕ್ಕೆ ಎದ್ದಿತು. ಬೇಸ್‌ಬಾಲಿನಲ್ಲಿ ಔಟಿಗೆ ಮುಷ್ಟಿ ತೋರಿಸಬೇಕು. ಆ ಗಳಿಗೆಯಲ್ಲಿ ಅವರಿಗೆ ಕುಂದಾಪುರದ ಕ್ರಿಕೆಟ್ ಬೆರಳೇ ಬಂತು. ಹೆಗಲ ಮೇಲಿದ್ದ ಶೀತಲ್ ಹಾಗೆಯೇ ಔಟಾದಳು. ಮುಂದಿನ ಹೆಚ್ಚುವರಿ ಸರದಿಯಲ್ಲಿ ನಾವು ಒಂದು ರನ್ನಿನಿಂದ ಸೋತೆವು.

ಆಟ ಮುಗಿದ ಮೇಲೆ ನಮ್ಮ ಕ್ಯಾಪ್ಟನ್ ಕೆಂಡವಾಗಿದ್ದ. ಎದುರಾಳಿ ಕೇಳುವವರೆಗೆ ಕಾದು ಔಟ್ ಕೊಡುವ ಅಂಪೈರ್ ಯಾವ ಸೀಮೆಯವನು, ಇವತ್ತೇ ದೂರು ಕೊಡುತ್ತೇನೆ ಎಂದ. ನಾನೂ ಹೌದೌದು ಎಂದೆ, ಸುಳ್ಳೇಕೆ ಹೇಳಲಿ.  ಭಾವ ಟೋಪಿ ತೆಗೆದು, ಧೂಳು ಕೊಡವಿ, ಬೆಂಚಿನ ಮೇಲೆ ಇಟ್ಟರು. 

ಶೀತಲ್ ಆ ಟೋಪಿಯನ್ನು ಎತ್ತಿ ಅಪ್ಪನ ತಲೆಗೆ ಒತ್ತಿದಳು. ಆಮೇಲೆ ಕ್ಯಾಪ್ಟನ್ ಕಡೆ ತಿರುಗಿ ಅವಳು ಇಂಗ್ಲಿಷಿನಲ್ಲಿ ಬಿಡಿಸಿದ ಚಳಿಯನ್ನು ಕನ್ನಡಕ್ಕೆ ತಂದರೆ ಇಷ್ಟು: ನಾನು ಮುಟ್ಟಿರಲಿಲ್ಲ. ಮುಟ್ಟಲು ಹೊರಟಿದ್ದೆ. ಕೋಣಗಳ ಹಾಗೆ ಬಂದು ನನ್ನನ್ನು ಎತ್ತಿಕೊಂಡು ಹೋದವರು ನಿನ್ನ ಹುಡುಗರು. ದೂರು ಕೊಡುವುದಾದರೆ ಅವರ ಮೇಲೆ ಕೊಡು.

ಧಡಿಯರಿಬ್ಬರೂ ತಮ್ಮ ಶೂ ನೋಡತೊಡಗಿದರು. ದೂರಿನ ಮಾತು ಅಲ್ಲಿಗೆ ಮುಗಿಯಿತು.

ವಾಪಸು ಬರುವಾಗ ಟ್ರಾಮಿನಲ್ಲಿ ನಾಲ್ವರೂ ಎದುರುಬದುರು ಕೂತಿದ್ದೆವು.  ಶೀತಲ್ ಅಪ್ಪನನ್ನು ಮೊಣಕೈಯಿಂದ ತಿವಿದಳು. "ಅಪ್ಪಯ್ಯ, ಅವರು ನನ್ನನ್ನ ಎತ್ತಿದಾಗ ವಾಟ್ ವರ್ ಯು ಥಿಂಕಿಂಗ್? ಅಷ್ಟು ಕೂಲಾಗಿ ನಿಂತಿದ್ರಿ."

ಭಾವ ಕಿಟಕಿಯ ಕಡೆ ನೋಡಿದರು. "ಆನೆಗುಡ್ಡೆ ಗಣಪತಿಗೆ ಹರಕಿ ಹೇಳ್ಕಂಡೆ," ಎಂದರು. "ಹೆಣ್ಣನ್ನ ಒಂದ್ಸಲ ಕೆಳಗ್ ಇಳ್ಸಲಿ, ಪಂಚಕಜ್ಜಾಯ ಮಾಡ್ಸ್ತೆ ಅಂದೇಳಿ."

ನಾನು ದಂಗಾದೆ. ಕಲ್ಲಿನ ಹಾಗೆ ನಿಂತಿದ್ದ ಮನುಷ್ಯ ಒಳಗೊಳಗೇ ಒಂದು ತಂಡದ ಪರವಾಗಿ ದೇವರನ್ನು ಹಿಡಿದುಕೊಂಡಿದ್ದರು! ಶೀತಲ್ ಟ್ರಾಮಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು.

ಪ್ರಫುಲ್ಲಕ್ಕ ಲೆಕ್ಕದ ಹೆಂಗಸು. "ಸಮಯಕ್ ಸರಿಯಾಗ್ ಇಳ್ಸಲೇ ಇಲ್ಲ ಅಲ್ದಾ? ಹಂಗಾರೆ ಹರಕಿ ಕೊಡುದ್ ಎಂತಕೆ?" ಎಂದಳು.

"ಅಲ್ಲ, ಕೊಡ್ಲೇಬೇಕ್," ಎಂದರು ಭಾವ. "ಅಷ್ಟ್ ಎತ್ತರದಿಂದ ಹೆಣ್ಣ್ ಬೀಳ್ಲಿಲ್ಲ ಅಲ್ದಾ."