ಕುದಿಯಬಾರದ ಕಷಾಯ

ನಮ್ಮ ಭಾವನ ಬಗ್ಗೆ ಮರ್ಯಾದೆ ಕೊಟ್ಟು ಬಹುವಚನದಲ್ಲಿ ಬರೆಯೋಣವೆಂದು ಕೂತೆ. ಕೈ ಬರಲಿಲ್ಲ. ಏಕವಚನವೇ ಅವನಿಗೆ ಹೆಚ್ಚು.

ಭಾವ ಗಡಿಯಾರ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆ ತುಂಬ ಗಡಿಯಾರ, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತದೆ. ಅವನ ಕೈಗಡಿಯಾರ ಮಾತ್ರ ತಪ್ಪುವುದೇ ಇಲ್ಲವಂತೆ, ಅವನೇ ಬಿಚ್ಚಿ ಜೋಡಿಸಿದ್ದಲ್ಲವೇ! ಇವನು ಹೋಗುವಷ್ಟರಲ್ಲಿ ಬಸ್ಸು ಹೊರಟುಹೋಗಿದ್ದರೆ ತಪ್ಪು ಬಸ್ಸಿನದು.

ಅದೇ ಗಡಿಯಾರ ನೋಡಿಕೊಂಡು ಒಂದು ದಿನ ತನ್ನ ನಾಡಿ ಎಣಿಸಿದ. ಲೆಕ್ಕ ಜಾಸ್ತಿ ಬಂತು. "ನನ್ನ ಎದೆ ಓಡ್ತಾ ಇದೆ" ಎಂದು ಎರಡು ದಿನ ಹಾಸಿಗೆ ಹಿಡಿದ. ಜಟಾಮಾಂಸಿ ಬೇರು ಎದೆಬಡಿತಕ್ಕೂ ನರಕ್ಕೂ ಸಮಾಧಾನ ಕೊಡುತ್ತದೆಂದು ಯಾರೋ ಗಿರಾಕಿ ಹೇಳಿದನಂತೆ. ಅಂದಿನಿಂದ ಮನೆಯೆಲ್ಲ ಒದ್ದೆ ಕಾಲುಚೀಲದ ವಾಸನೆ.

ಆ ಬೇರು ಕುದಿಯಬಾರದು, ಕುದಿದರೆ ಗುಣ ಹಾರಿಹೋಗುತ್ತದೆ ಎಂಬುದು ಭಾವನ ಶಾಸ್ತ್ರ. ಸಣ್ಣ ಉರಿಯಲ್ಲಿಟ್ಟು ಕಾಯುತ್ತ ನಿಲ್ಲಬೇಕು. ನಿಲ್ಲುವವಳು ನಮ್ಮಕ್ಕ. ಒಂದು ಗುಳ್ಳೆ ಎದ್ದರೂ ಅಂಗಡಿಯಿಂದ ಕೂಗು: "ಲೇ, ಕುದಿಸಿಬಿಟ್ಯಾ? ನನ್ನ ಸಾಯಿಸ್ಬೇಕು ಅಂತಲೇ ಇದ್ದೀಯ!" ಶಾಂತಿಯ ಕಷಾಯಕ್ಕೆ ಇಷ್ಟು ರಂಪ!

ನಿಜವಾಗಿ ಎದೆ ಓಡುತ್ತಿದ್ದದ್ದು ಅಕ್ಕನದು. ನಾನಿರುವ ಮಹಡಿಗೆ ಬರಬೇಕಾದರೆ ಅವಳಿಗೆ ಏದುಸಿರು, ಸಂಜೆಯಾದರೆ ಪಾದ ಊತ. "ರೀ, ಒಂದ್ಸಲ ಡಾಕ್ಟರ್ ಹತ್ರ ಹೋಗಿ ಬರೋಣ" ಎಂದರೆ, "ನಿನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀಯ" ಎನ್ನುತ್ತಿದ್ದ. ನರಳುವುದರಲ್ಲೂ ಹೆಂಡತಿಗೆ ಪಾಲು ಕೊಡದ ಜಿಪುಣ.

ಒಂದು ಬೆಳಿಗ್ಗೆ ಅಕ್ಕ ಒಲೆಯ ಮುಂದೆಯೇ ಕುಸಿದಳು. ಸದ್ದು ಕೇಳಿ ನಾನು ಇಳಿದು ಬರುವಷ್ಟರಲ್ಲಿ ಭಾವ ಬಂದಿದ್ದ. ಪಾತ್ರೆ ನೋಡಿ, "ಅಯ್ಯೋ, ಕುದ್ದುಹೋಯ್ತಲ್ಲೇ!" ಎಂದ. ನಾನೇ ಓಡಿಹೋಗಿ ಆಟೋ ತಂದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪರೀಕ್ಷೆಗಳನ್ನೆಲ್ಲ ಮಾಡಿಸಿ, "ಹೃದಯದ ಕವಾಟ ಹಾಳಾಗಿದೆ. ಇನ್ನೂ ತಡ ಮಾಡಿದ್ರೆ ಉಳಿಸೋದು ಕಷ್ಟ ಇತ್ತು. ಇಷ್ಟು ದಿನ ಏನಮ್ಮ ಮಾಡ್ತಿದ್ರಿ?" ಎಂದರು.

"ಕಷಾಯ ಕುದೀದ ಹಾಗೆ ನೋಡ್ಕೋತಿದ್ದೆ" ಎಂದಳು ಅಕ್ಕ.

ಆ ಹೊತ್ತಿನಲ್ಲೂ ಭಾವ ಮುಂಗೈ ಚಾಚಿದ. "ನಂದೂ ಒಂಚೂರು ನೋಡಿ." ಡಾಕ್ಟರಮ್ಮ ಗೋಡೆಯ ಗಡಿಯಾರ ನೋಡಿ ಎಣಿಸಿ, "ನಿಮಗೇನೂ ಇಲ್ಲ" ಎಂದರು. ಇವನು ತನ್ನ ಗಡಿಯಾರ ತೋರಿಸಿ ವಾದಕ್ಕೆ ನಿಂತ. ಅವರು ಎರಡನ್ನೂ ಹೋಲಿಸಿ ನಕ್ಕುಬಿಟ್ಟರು. "ನಿಮ್ಮ ಗಡಿಯಾರ ನಿಧಾನ, ಸ್ವಾಮಿ. ಅದರ ಒಂದು ನಿಮಿಷ ಮುಗಿಯೋಷ್ಟರಲ್ಲಿ ಯಾರ ನಾಡಿಯಾದ್ರೂ ಜಾಸ್ತೀನೇ ಬರುತ್ತೆ."

ಹೊರಗೆ ಬಂದು ಭಾವ ನನ್ನ ಕಿವಿಯಲ್ಲಿ, "ಆಸ್ಪತ್ರೆ ಗಡಿಯಾರ ಮುಂದೆ ಓಡ್ತಿದೆ" ಎಂದ. ಹುಟ್ಟುಗುಣ ಸುಟ್ಟರೂ ಹೋಗದು.

ಚಿಕಿತ್ಸೆ ಮುಗಿದು ಅಕ್ಕ ಮನೆಗೆ ಬಂದ ಮರುದಿನವೇ ಬಚ್ಚಲಿನಿಂದ ಕೂಗು ಬಂತು: "ಲೇ, ಕಷಾಯ ಇಟ್ಯಾ?" ನಾನು ಬಾಯಿ ತೆರೆಯುವ ಮುಂಚೆ ಅಕ್ಕ ಕಣ್ಣಲ್ಲೇ ಸುಮ್ಮನಿರು ಎಂದಳು. ಪಾತ್ರೆಗೆ ನೀರು ಹಾಕಿದಳು, ಬೇರು ಹಾಕಿದಳು, ಅವನು ಸ್ನಾನಕ್ಕೆಂದು ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಗಡಿಯಾರವನ್ನೂ ಹಾಕಿದಳು. ಉರಿ ಪೂರ್ತಿ ಏರಿಸಿ ಕುರ್ಚಿ ಎಳೆದುಕೊಂಡು ಕೂತಳು. ಕೊತಕೊತ ಕುದಿಯಿತು.

ಒದ್ದೆ ತಲೆಯಲ್ಲೇ ಓಡಿಬಂದ ಭಾವ ಪಾತ್ರೆಯೊಳಗೆ ಬಗ್ಗಿ ನೋಡಿದ.

"ಕಾಯಿಲೆ ಇದ್ದದ್ದು ಅದಕ್ಕೇರೀ" ಎಂದಳು ಅಕ್ಕ. "ಅದೇ ಕುಡೀಲಿ." ತನ್ನ ಮಾತ್ರೆ ನುಂಗಿ, ಮಲಗಲು ಹೋದಳು.