ಎಲ್ಲ ಲಾರಿಗಳ ಹಿಂದೆಯೂ ನಮ್ಮ ತಾತ

ಮಗಳು ಓದಿ ಬಿಸಾಡಿದ್ದ ಮಾಂಗಾ, ಅಂದರೆ ಜಪಾನಿನ ಚಿತ್ರಕಥೆಗಳನ್ನು ತಿರುವಿಹಾಕಿದೆ. ಒಬ್ಬನೇ ಚಿತ್ರಕಾರನ ಬೇರೆ ಬೇರೆ ಕಥೆಗಳು. ಎಲ್ಲದರಲ್ಲೂ ಅದೇ ಪೊದೆಹುಬ್ಬಿನ ಸಿಡುಕು ಮುದುಕ! ಥಟ್ಟನೆ ನನ್ನ ಮೂಗಿಗೆ ಗುಂಡ್ಲುಪೇಟೆಯ ಪೇಂಟಿನ ವಾಸನೆ ಬಡಿಯಿತು.

ಅಲ್ಲಿ ನಮ್ಮ ಅತ್ತೆಯ ಗಂಡ ಮಾದೇಶ ಈರುಳ್ಳಿ ಲಾರಿಗಳಿಗೆ ಬಣ್ಣ ಬಳಿಯುತ್ತಿದ್ದ. ದೃಷ್ಟಿಯಾಗದಿರಲೆಂದು ಲಾರಿಯ ಹಿಂದೆ ರಾಕ್ಷಸನ ಮುಖ ಬರೆಯಬೇಕಿತ್ತು. ಎಷ್ಟು ಲಾರಿಗೆ ಬರೆದರೂ ಅವನ ಕೈಯಲ್ಲಿ ಮೂಡುತ್ತಿದ್ದುದು ಹೆಣ್ಣು ಕೊಟ್ಟ ಮಾವನ, ಅಂದರೆ ನಮ್ಮ ತಾತನ ಮುಖವೇ. ಇದು ಊರಿಗೆಲ್ಲ ಗೊತ್ತಿತ್ತು, ತಾತನೊಬ್ಬನನ್ನು ಬಿಟ್ಟು. ಅವನಿಗೆ ತಿಳಿಯದಿರಲೆಂದು ಅತ್ತೆ ಹರಕೆಯನ್ನೇ ಹೊತ್ತಿದ್ದಳು.

ಒಂದು ದಿನ ತಾತ ಹೊಸ ಲಾರಿಯ ಹಿಂದೆ ನಿಂತುಬಿಟ್ಟ. ಮಾದೇಶ ಬ್ರಷ್ಷನ್ನು ಬೆನ್ನ ಹಿಂದೆ ಅಡಗಿಸಿದ.

"ಏನ್ಲಾ ಇದು?"

"ರಾಕ್ಸಸ, ಮಾವ."

"ಅದ್ ಗೊತ್ತು ಬುಡ್ಲಾ. ಮೀಸೆ ಯಾಕ್ ಇಷ್ಟ್ ಸಣ್ಣಕ್ ಬರ್ದಿದ್ದೀಯೆ? ನಂದು ಇಷ್ಟೇಯಾ?"

ತಾತ ಮೀಸೆ ಹುರಿ ಮಾಡಿಕೊಂಡು, ತಿದ್ದಿ ಮುಗಿಯುವವರೆಗೂ ಅಲ್ಲೇ ನಿಂತಿದ್ದ.

ಈಗ ಮಗಳೂ ಚಿತ್ರಕಥೆ ಬರೆಯುತ್ತಿದ್ದಾಳೆ. ಅವಳ ಎಲ್ಲ ಖಳನಾಯಕರಿಗೂ ದಪ್ಪ ಕನ್ನಡಕ, ನುಣ್ಣನೆಯ ಬೋಳುತಲೆ. ವಂಶದ ಮರ್ಯಾದೆಗಾಗಿ ನಾನು ಒಂದೇ ಒಂದು ತಿದ್ದುಪಡಿ ಕೇಳಿದೆ:

"ಕಿವಿ ಪಕ್ಕ ಇನ್ನೂ ಸ್ವಲ್ಪ ಕೂದಲದೆ ಕಣಮ್ಮಿ."